ಮತ ಎಣಿಕೆಯ ಖಾತರಿ: ಕಾಳಿಘಾಟ್

ದಕ್ಷಿಣ ಕೋಲ್ಕತ್ತದ ಕಾಳಿಘಾಟ್ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ತನ್ನದೇ ಹೆಸರಿನ ವಿಧಾನಸಭಾ ಕ್ಷೇತ್ರವಾಗಿತ್ತು. ಕಮ್ಯುನಿಸ್ಟ್ ಪಕ್ಷದ ಮಣಿಕುಂತಲಾ ಸೇನ್ ಅಲ್ಲಿ ಗೆದ್ದರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದಕ್ಕೆ ಅವರವರ ಚಿಹ್ನೆ. ಮತಪತ್ರಕ್ಕೆ ಗುರುತು ಹಾಕುವಂತಿರಲಿಲ್ಲ, ತನಗೆ ಬೇಕಾದವರ ಪೆಟ್ಟಿಗೆಗೆ ಹಾಕಿದರಾಯಿತು. ಅಕ್ಷರ ಬಾರದವರಿಗೂ ತಮ್ಮ ಮತ ಎಲ್ಲಿ ಬಿತ್ತೆಂಬುದು ಖಚಿತವಾಗಿರುತ್ತಿತ್ತು.

ಅರವತ್ತರ ದಶಕದಲ್ಲಿ ಒಂದೇ ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿ ನೆಲೆಯೂರಿತು. 2001ರ ವಿಧಾನಸಭಾ ಚುನಾವಣೆಗೆ ಪಶ್ಚಿಮ ಬಂಗಾಳವಿಡೀ ವಿದ್ಯುನ್ಮಾನ ಮತಯಂತ್ರ ಬಂತು. ಗುಂಡಿ ಒತ್ತಿದಾಗ ಕೆಂಪು ದೀಪ ಬೆಳಗಿ ಬೀಪ್ ಸದ್ದಾಗುವುದಷ್ಟೇ ಮತದಾರನಿಗೆ ಉಳಿದ ಸಾಕ್ಷಿ. ಸುಬ್ರಮಣಿಯನ್ ಸ್ವಾಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 8ರಂದು, ನ್ಯಾಯಸಮ್ಮತ ಚುನಾವಣೆಗೆ ಕಾಗದದ ದಾಖಲೆ ಬೇಕೇ ಬೇಕೆಂದಿತು. 2014ರಲ್ಲಿ, ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರ ಕಂಡ ಎಂಟು ಲೋಕಸಭಾ ಕ್ಷೇತ್ರಗಳಲ್ಲಿ ಕಾಳಿಘಾಟ್‌ನ ನೆರೆಯ ಜಾದವಪುರವೂ ನಮ್ಮ ಬೆಂಗಳೂರು ದಕ್ಷಿಣವೂ ಇದ್ದವು. ಕಾಳಿಘಾಟ್ ಸೇರಿದ ಕೋಲ್ಕತ್ತ ದಕ್ಷಿಣಕ್ಕೆ ಆ ಭಾಗ್ಯ ಆಗ ಇರಲಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಮತಗಟ್ಟೆಗಳಿಗೂ ಅದು ಬಂತು.

ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಂಡು, ಕತ್ತರಿಸಿ ಒಳಗೆ ಬೀಳುತ್ತದೆ. ಬೇರೆಯವರ ಹೆಸರು ಬಂದಿದೆ ಎನ್ನುವವರು ಲಿಖಿತ ಘೋಷಣೆ ಕೊಟ್ಟರೆ, ಅಭ್ಯರ್ಥಿಗಳ ಏಜೆಂಟರ ಎದುರೇ ಪರೀಕ್ಷಾ ಮತ ಹಾಕಿಸುತ್ತಾರೆ. ಆರೋಪ ಸುಳ್ಳೆಂದು ಕಂಡರೆ ದೂರಿದವರ ಮೇಲೇ ಕ್ರಮ. ಸಾಮಾನ್ಯ ಮತದಾರನ ಬಾಯಿ ಕಟ್ಟುವ ನಿಯಮವಿದು.

ಚೀಟಿ ಕಂಡದ್ದು ಮತ ದಾಖಲಾದ ಖಾತರಿಯೇ ಹೊರತು ಎಣಿಕೆಯಾದ ಖಾತರಿಯಲ್ಲ. ಚೀಟಿ ಮನೆಗೆ ಒಯ್ಯುವಂತಿಲ್ಲ, ಒಯ್ದರೆ ಮತ ಮಾರುವವರಿಗೆ ರಸೀದಿ ಸಿಕ್ಕಂತೆ. ಹೀಗಾಗಿ ಎಣಿಕೆಯ ಕಾವಲು ಏಜೆಂಟರದು: ಮತದಾನ ಮುಗಿದಾಗ ಸಿಗುವ 17ಸಿ ನಮೂನೆಯಲ್ಲಿರುವ ಒಟ್ಟು ಮತಗಳ ಸಂಖ್ಯೆಯನ್ನು ಎಣಿಕೆಯ ದಿನ ಯಂತ್ರದ ಲೆಕ್ಕಕ್ಕೆ ಅವರು ತಾಳೆ ಹಾಕುತ್ತಾರೆ. ಸುಪ್ರೀಂ ಕೋರ್ಟಿನ 2019ರ ಏಪ್ರಿಲ್ 8ರ ಆದೇಶದಂತೆ, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸುತ್ತಾರೆ. ಅದಕ್ಕೂ ಮೊದಲು ಕ್ಷೇತ್ರಕ್ಕೆ ಒಂದೇ ಮತಗಟ್ಟೆ.

ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ, ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಎಣಿಕೆಯನ್ನು ಪರೀಕ್ಷಿಸುವಂತಿರಬೇಕು ಎಂದಿತ್ತು. ಭಾರತದಲ್ಲಿ ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ಶೇ 5ರಷ್ಟು ಯಂತ್ರಗಳ ಮೆಮೊರಿ ತಪಾಸಣೆ ಕೋರುವ ಅವಕಾಶವನ್ನು ಎರಡನೇ, ಮೂರನೇ ಸ್ಥಾನ ಪಡೆದ ಅಭ್ಯರ್ಥಿಗಳಿಗೆ ಕೊಟ್ಟಿತು. ಮತದಾರನಿಗೆ ಅದೂ ಇಲ್ಲ.