ಉತ್ಪಾದಕತೆಯ ಭಾಜಕ ಯಾವುದು?

ಉತ್ಪಾದನೆ, ಉತ್ಪಾದಕತೆ ಎಂಬ ಶಬ್ದಗಳನ್ನು ಅನೇಕರು ಒಂದೇ ಅರ್ಥದಲ್ಲಿ ಬಳಸುವುದುಂಟು. ಉತ್ಪಾದನೆಯೆಂದರೆ ಒಟ್ಟು ಹುಟ್ಟುವಳಿ. ಅದನ್ನು ತೊಡಗಿಸಿದ ಭೂಮಿ, ನೀರು, ದುಡಿಮೆ ಅಥವಾ ಬಂಡವಾಳದಿಂದ ಭಾಗಿಸಿದಾಗ ಬರುವ ಪ್ರಮಾಣವೇ ಉತ್ಪಾದಕತೆ. 1958ರಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿ ಸ್ಥಾಪನೆಯಾಗಿ ಈ ಪರಿಭಾಷೆಗೆ ಸರಕಾರಿ ಮನ್ನಣೆ ದೊರೆಯಿತು. ರೈತರಲ್ಲಿ ಮಾತ್ರ 'ಇಳುವರಿ' ಎಂಬ ಮಾತೇ ಬಳಕೆಯಲ್ಲಿದೆ. ಎಕರೆಗೆ ಎಷ್ಟು ಚೀಲವೆಂಬುದೇ ಅದರ ಲೆಕ್ಕ.

ಈ ಲೆಕ್ಕ ಎಷ್ಟು ಅಪೂರ್ಣವೆಂಬುದನ್ನು ಕೊಪ್ಪಳ ಸೀಮೆಯ ಇತಿಹಾಸವೇ ತೋರಿಸುತ್ತದೆ. ಹೈದರಾಬಾದ್ ಸಂಸ್ಥಾನ ಹಾಗೂ ಮದ್ರಾಸ್ ಪ್ರಾಂತಗಳು 1945ರಲ್ಲಿ ಆರಂಭಿಸಿದ ತುಂಗಭದ್ರಾ ಯೋಜನೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಬರಪೀಡಿತ ಸೀಮೆಯ ಹೆಚ್ಚು ಹೊಲಗಳಿಗೆ ಮಿತವಾಗಿ ನೀರುಣಿಸಿ ಜೋಳ, ಹತ್ತಿಯಂಥ ಬೆಳೆಗಳನ್ನು ಉಳಿಸುವುದು ಎಡದಂಡೆ ಕಾಲುವೆಯ ಮೂಲೋದ್ದೇಶವಾಗಿತ್ತು. ಆದರೆ ಗಂಗಾವತಿಯ ಕಡೆ ಭತ್ತವು ಯೋಜನೆಯ ಮಿತಿಯನ್ನು ಮೀರಿ ಹಬ್ಬಿತು. ಅಕ್ಕಿ ಗಿರಣಿಗಳು ಬೆಳೆದವು. ಊರು ಭತ್ತದ ಕಣಜವೆನಿಸಿತು. ಯಲಬುರ್ಗಾ, ಕುಷ್ಟಗಿಗಳ ಬಹುಪಾಲು ಹೊಲಗಳು ಮಳೆಯನ್ನೇ ನಂಬಿ ಸಜ್ಜೆ, ಜೋಳ, ಶೇಂಗಾ ಬೆಳೆದವು.

ಎಕರೆಯಿಂದ ಭಾಗಿಸಿದರೆ ಗಂಗಾವತಿಯೇ ಮುಂದು; ಈ ಸಂಪತ್ತನ್ನು ಅಲ್ಲಗಳೆಯಲಾಗದು. ನೀರಿನಿಂದ ಭಾಗಿಸಿದರೆ ಚಿತ್ರ ಬೇರೆ. ಭತ್ತಕ್ಕೆ ಸಾಮಾನ್ಯವಾಗಿ ಸಾವಿರ ಮಿಲಿಮೀಟರಿಗೂ ಮಿಕ್ಕಿ ನೀರು ಬೇಕು. ಸಜ್ಜೆಯು ಅದರ ಅರ್ಧಕ್ಕಿಂತ ಕಡಿಮೆ ನೀರಿನಲ್ಲಿ ತೆನೆಗಟ್ಟುತ್ತದೆ. ಮೇಲ್ಭಾಗದಲ್ಲಿ ಭತ್ತ ಕುಡಿದ ನೀರು ಮಾನ್ವಿ ಕಡೆಯ ಕಾಲುವೆಯಂಚಿನ ರೈತನಿಗೆ ತಲುಪದೆ ಹೋದುದೂ ಉಂಟು. ಆತನ ಒಣಗಿದ ಹೊಲ ಯಾರ ಇಳುವರಿಯ ಲೆಕ್ಕದಲ್ಲಿಯೂ ಕಾಣುವುದಿಲ್ಲ.

ಇನ್ನೂ ಒಂದು ಬಾಬತ್ತು ಉಳಿಯುತ್ತದೆ. ಬಸಿದು ಹೋಗಲು ದಾರಿಯಿಲ್ಲದೆ ನೀರು ನಿಂತ ಕಪ್ಪು ಭೂಮಿಯಲ್ಲಿ ಉಪ್ಪು ಮೇಲೇರಿ, ಸಾಕಷ್ಟು ಜಮೀನು ಸವುಳಾಯಿತು. ಅದನ್ನು ಸುಧಾರಿಸುವ ಸಂಶೋಧನೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿಯೇ ನಡೆದಿದೆ. ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯವೂ ಹೂಳಿನಿಂದ ಸುಮಾರು 105 ಟಿಎಂಸಿಗೆ ಇಳಿದಿದೆ.

ಯಂತ್ರದ ಸವಕಳಿಯನ್ನು ಕಳೆಯದೆ ಲಾಭ ತೋರಿಸುವ ಜಮಾಖರ್ಚನ್ನು ಯಾವ ವರ್ತಕನೂ ಒಪ್ಪಲಾರನು. ಅದು ಬಂಡವಾಳವನ್ನೇ ಉಂಡು ಲಾಭವೆಂದು ಬರೆದಂತೆ. ಭೂಮಿಯ ಲೆಕ್ಕಕ್ಕೂ ಇದೇ ನ್ಯಾಯ ಸಲ್ಲಬೇಕು. ಸವುಳಾದ ನೆಲ, ನೀರು ಕಾಣದ ನೆರೆಯವನ ಹೊಲ, ಈ ಎರಡನ್ನೂ ಖರ್ಚಿನ ಬದಿಗೆ ಬರೆದ ಬಳಿಕ ಉಳಿಯುವುದನ್ನು ಮಾತ್ರ ಉತ್ಪಾದಕತೆಯೆಂದು ಕರೆಯುವುದು ಯುಕ್ತ.