ಎರಡು ವಾಣಿವಿಲಾಸಗಳ ನಡುವೆ: ಮಾರಿಕಣಿವೆಯ ಜ್ವರ ಹಾಗೂ ರೋಗಿ ಶುಶ್ರೂಷೆಯ ಚರಿತ್ರೆ

1. ಪ್ರಸ್ತಾವನೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲೂಕಿನಲ್ಲಿ ವೇದಾವತಿ ನದಿಯು ಗುಡ್ಡಗಳ ನಡುವಿನ ಇಕ್ಕಟ್ಟಾದ ಎಡೆಯಲ್ಲಿ ಹಾದುಹೋಗುವ ಸ್ಥಳವೇ ಮಾರಿಕಣಿವೆ. ಕಣಿವೆಯ ಮಾರಮ್ಮನ ಸನ್ನಿಧಿಯಿಂದ ಈ ಸ್ಥಳಕ್ಕೆ ಆ ಹೆಸರು ಬಂದಿದೆ. ನಮ್ಮ ನಾಡಿನ ಜನಪದರಲ್ಲಿ ಮಾರಿಯು ಬೇನೆಯನ್ನು ತರುವವಳೂ ಹೌದು, ಅದನ್ನು ಹಿಂತೆಗೆದುಕೊಂಡು ಊರನ್ನು ಕಾಯುವವಳೂ ಹೌದು. ಹೀಗಾಗಿ ರೋಗ ಮತ್ತು ಆರೈಕೆ ಎಂಬ ಎರಡು ಸಂಗತಿಗಳು ಈ ಸ್ಥಳನಾಮದಲ್ಲಿಯೇ ಅಡಕವಾಗಿವೆ ಎನ್ನಬಹುದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡ ಇಲ್ಲಿನ ಅಣೆಕಟ್ಟೆಯಿಂದ ರೂಪುಗೊಂಡ ಜಲಾಶಯಕ್ಕೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಇಡಲಾಯಿತು. 1895ರಿಂದ 1902ರವರೆಗೆ ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದ ಈ ಮಹಾರಾಣಿಯವರ ಹೆಸರನ್ನೇ 1935ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯೂ ಪಡೆಯಿತು. ಒಂದು ವಾಣಿವಿಲಾಸವು ಬಯಲುಸೀಮೆಯ ಹೊಲಗಳಿಗೆ ನೀರನ್ನು ಕೊಟ್ಟಿತು. ಇನ್ನೊಂದು ರಾಜಧಾನಿಯ ರೋಗಿಗಳಿಗೆ ಹಾಸಿಗೆಯನ್ನೂ ಶುಶ್ರೂಷೆಯನ್ನೂ ಕೊಟ್ಟಿತು. ಹಿರಿಯೂರಿನಿಂದ ಬೆಂಗಳೂರಿಗೆ ಇರುವ ಸುಮಾರು 160 ಕಿಲೋಮೀಟರುಗಳ ಅಂತರವು ಈ ಎರಡರ ನಡುವಿನ ಅಂತರವೂ ಆಗಿದೆ. ನೀರು ಬಂದ ಕಡೆ ಜ್ವರವೂ ಬಂದಿತು. ಆದರೆ ಜ್ವರ ಬಂದ ಕಡೆಗೆ ತರಬೇತಿ ಪಡೆದ ಶುಶ್ರೂಷೆಯು ಅದೇ ವೇಗದಲ್ಲಿ ಬರಲಿಲ್ಲ. ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ನೀರಾವರಿ ಮತ್ತು ಜ್ವರ

1876–78ರ ಕ್ಷಾಮವು ಮೈಸೂರು ಸಂಸ್ಥಾನದ ಆಡಳಿತಕ್ಕೆ ಮರೆಯಲಾಗದ ಪಾಠವಾಗಿತ್ತು. ಮಳೆಯ ನೆರಳಿನಲ್ಲಿರುವ ಚಿತ್ರದುರ್ಗ ಸೀಮೆಗೆ ಶಾಶ್ವತವಾದ ನೀರಿನ ಆಸರೆ ಬೇಕೆಂಬ ವಿಚಾರವು ಈ ಹಿನ್ನೆಲೆಯಲ್ಲಿ ಬಲಗೊಂಡು, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಾವಧಿಯಲ್ಲಿ ಮಾರಿಕಣಿವೆಯ ಕಾಮಗಾರಿಯಾಗಿ ರೂಪುಗೊಂಡಿತು. ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲ ಈ ಜಲಾಶಯವು 1933ರಲ್ಲಿ ತುಂಬಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಅನಂತರ 2025ರಲ್ಲಿಯೂ ತುಂಬಿತು. ಈ ವರ್ಷಗಳು ಜನರ ನೆನಪಿನಲ್ಲಿಯೂ ಪತ್ರಿಕೆಗಳಲ್ಲಿಯೂ ಉಳಿದಿವೆ. ಜ್ವರದ ವರ್ಷಗಳು ಹಾಗೆ ಉಳಿದಿಲ್ಲ.

ನೀರಾವರಿಯೊಡನೆ ಜ್ವರವು ಬರುವ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕಾಗುತ್ತದೆ. ನಾಲೆಯಿಂದ ಜಿನುಗುವ ನೀರು ತಗ್ಗಿನಲ್ಲಿ ನಿಲ್ಲುತ್ತದೆ. ಮಣ್ಣು ತೆಗೆದ ಗುಂಡಿಗಳೂ ಬಸಿಗಾಲುವೆಯಿಲ್ಲದ ಗದ್ದೆಗಳೂ ಸೊಳ್ಳೆಗಳ ತಾಣಗಳಾಗುತ್ತವೆ. ಬಯಲುಸೀಮೆಯಲ್ಲಿ ಮಲೇರಿಯವನ್ನು ಹರಡುವ ಮುಖ್ಯ ಸೊಳ್ಳೆಯಾದ ಅನಾಫಿಲಿಸ್ ಕ್ಯೂಲಿಸಿಫೇಸೀಸ್ ಇಂತಹ ತಿಳಿನೀರಿನಲ್ಲಿಯೇ ಬೆಳೆಯುವಂತಹುದು. ಮೊದಲು ಮಳೆಗಾಲದ ಕೆಲವು ವಾರಗಳಿಗೆ ಸೀಮಿತವಾಗಿದ್ದ ನಿಂತ ನೀರು ನಾಲೆ ಬಂದ ಮೇಲೆ ವರ್ಷದ ಬಹುಭಾಗ ದೊರೆಯತೊಡಗಿದಾಗ ಚಳಿಜ್ವರವು ನೆಲೆನಿಂತಿತು.

ಈ ಸಂಬಂಧವು ಆ ಕಾಲಕ್ಕೆ ಅಜ್ಞಾತವಾಗಿರಲಿಲ್ಲ. ಆಧುನಿಕ ಶುಶ್ರೂಷೆಯ ಪ್ರವರ್ತಕಿ ಎನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಅವರು 1870ರ ದಶಕದಲ್ಲಿಯೇ ಭಾರತದ ನೀರಾವರಿಯನ್ನು ಕುರಿತು ಬರೆದಿದ್ದರು. ಕ್ಷಾಮವನ್ನು ತಡೆಯಲು ನೀರಾವರಿ ಅಗತ್ಯ, ಆದರೆ ನೀರನ್ನು ತರುವವರು ಅದನ್ನು ಬಸಿದು ಹೊರಗೆ ಕಳಿಸುವ ವ್ಯವಸ್ಥೆಯನ್ನೂ ಮಾಡಬೇಕು ಎಂಬುದು ಅವರ ವಾದದ ಸಾರ. ನಾಲೆ ಮತ್ತು ಆಸ್ಪತ್ರೆ ಅವರ ದೃಷ್ಟಿಯಲ್ಲಿ ಬೇರೆ ಬೇರೆ ಇಲಾಖೆಗಳ ವಿಷಯವಾಗಿರಲಿಲ್ಲ. ಒಂದೇ ಜನಜೀವನದ ಎರಡು ಮುಖಗಳಾಗಿದ್ದವು. ಆಡಳಿತವು ಮಾತ್ರ ಅವೆರಡನ್ನೂ ಬೇರ್ಪಡಿಸಿಯೇ ನೋಡಿತು.

3. ಸೊಳ್ಳೆಯ ಅಧ್ಯಯನ

1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದೊಡನೆ ಮಲೇರಿಯದ ವ್ಯವಸ್ಥಿತ ಅಧ್ಯಯನವನ್ನು ಕೈಗೊಂಡಿತು. ಇದಕ್ಕಾಗಿ ಆರಿಸಿಕೊಂಡ ಕೇಂದ್ರಗಳು ಮೂರು: ಶ್ರೀರಂಗಪಟ್ಟಣದ ಬಳಿಯ ನಗೇನಹಳ್ಳಿ, ಮಲೆನಾಡಿನ ಮೂಡಿಗೆರೆ ಹಾಗೂ ಹಿರಿಯೂರು. ಈ ಆಯ್ಕೆಯು ಅರ್ಥಪೂರ್ಣವಾದುದು. ಹಳೆಯ ನೀರಾವರಿಯ ಸೀಮೆ, ಕಾಡು ಮತ್ತು ಗುಡ್ಡಗಳ ಸೀಮೆ, ಅಣೆಕಟ್ಟೆಯಿಂದ ಹೊಸದಾಗಿ ನೀರು ಕಂಡ ಒಣಸೀಮೆ – ಹೀಗೆ ಸಂಸ್ಥಾನದ ಮೂರು ಬಗೆಯ ಭೂಭಾಗಗಳನ್ನು ಅವು ಪ್ರತಿನಿಧಿಸುತ್ತಿದ್ದವು. ಹಿರಿಯೂರು ಈ ಪಟ್ಟಿಯಲ್ಲಿ ಸೇರಿದುದಕ್ಕೆ ಮಾರಿಕಣಿವೆಯ ನಾಲೆಗಳೇ ಕಾರಣ.

ಆ ಕಾಲದ ಮಲೇರಿಯ ಸಮೀಕ್ಷೆಗಳ ವಿಧಾನವು ಪ್ರಸಿದ್ಧವಾಗಿದೆ. ಮಕ್ಕಳ ಹೊಟ್ಟೆಯನ್ನು ಮುಟ್ಟಿ, ಜನರು ಜ್ವರಗಡ್ಡೆ ಎಂದು ಕರೆಯುವ ಹಿಗ್ಗಿದ ಗುಲ್ಮವನ್ನು ಗುರುತಿಸುವುದು, ರಕ್ತದ ಲೇಪನಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು, ಸೊಳ್ಳೆಯ ಮರಿಗಳನ್ನು ನೀರಿನಿಂದ ಎತ್ತಿ ಎಣಿಸುವುದು ಇದರ ಅಂಗಗಳು. ಮೈಸೂರು ಸಂಸ್ಥಾನದ ಸಂಶೋಧನೆಗಳಲ್ಲಿ ತೊಡಗಿದ್ದ ಸ್ವೀಟ್ ಮತ್ತು ರಾವ್ ಅವರು ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆಗಳ ಮೇಲಿನ ಏಣುಗಳ ಸಂಖ್ಯೆಯ ಆಧಾರದಿಂದ ಅದರಲ್ಲಿ ಎರಡು ಪ್ರಭೇದಗಳಿವೆಯೆಂದು 1937ರಲ್ಲಿ ತೋರಿಸಿದರು. ಅವುಗಳಲ್ಲೊಂದು ಇಂದಿಗೂ ಮೈಸೂರಿನ ಹೆಸರಿನಿಂದಲೇ ವಿಜ್ಞಾನದಲ್ಲಿ ಪರಿಚಿತವಾಗಿದೆ.

ಈ ಸಾಧನೆಯನ್ನು ಕಡೆಗಣಿಸುವಂತಿಲ್ಲ. ರೋಗವನ್ನು ಮೂಲದಲ್ಲಿಯೇ ತಡೆಯುವುದು ಸರಿಯಾದ ಗುರಿಯಾಗಿತ್ತು. ಎರಡನೆಯ ಮಹಾಯುದ್ಧದ ಬಳಿಕ ಡಿ.ಡಿ.ಟಿ. ಬಂದಿತು, 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾಗಿ ಜ್ವರವು ಬಹುಮಟ್ಟಿಗೆ ಇಳಿಯಿತು. 1976ರಲ್ಲಿ ದೇಶದಾದ್ಯಂತ 64 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದಾಗ, ಅದು ಹೋಗಿಯೇಬಿಟ್ಟಿತೆಂಬ ನಂಬಿಕೆ ಮುರಿಯಿತು. ಆದರೆ ಸೊಳ್ಳೆಯ ಮೊಟ್ಟೆಯ ಏಣುಗಳನ್ನು ಎಣಿಸಿದ ಕಾಲದಲ್ಲಿ, ಜ್ವರದಿಂದ ಪ್ರಜ್ಞೆ ತಪ್ಪಿದ ರೋಗಿಯ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತವರು ಯಾರು ಎಂಬುದನ್ನು ಎಣಿಸುವ ಕ್ರಮವು ಬೆಳೆಯಲಿಲ್ಲ ಎಂಬುದನ್ನು ಗಮನಿಸಬೇಕಾಗಿದೆ.

4. ಹಾಸಿಗೆಯ ಪಕ್ಕದ ಕೆಲಸ

ಸಾಮಾನ್ಯವಾದ ಚಳಿಜ್ವರಕ್ಕೆ ಕ್ವಿನೈನು ಸಾಕಾಗಬಹುದು. ವಿಷಮಿಸಿದ ಮಲೇರಿಯದಲ್ಲಿ ಔಷಧಿಯು ಚಿಕಿತ್ಸೆಯ ಒಂದು ಭಾಗ ಮಾತ್ರ. ಜ್ವರವು ಮಿದುಳಿಗೆ ಏರಿದಾಗ ರೋಗಿಯು ನುಂಗಲಾರ; ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕ್ಕೆ ಹೋಗುತ್ತದೆ. ಆತನನ್ನು ಮಗ್ಗುಲಿಗೆ ಮಲಗಿಸಬೇಕು, ಬಾಯಿಯನ್ನು ಶುಚಿ ಮಾಡಬೇಕು, ಮೈಯನ್ನು ಉಗುರುಬೆಚ್ಚನೆಯ ನೀರಿನಿಂದ ಒರೆಸಬೇಕು, ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಹೊರಳಿಸಬೇಕು. ಮೂತ್ರವು ಕಪ್ಪಾದರೆ ಅಥವಾ ಕಡಿಮೆಯಾದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಕ್ವಿನೈನಿನ ಚಿಕಿತ್ಸೆಯಲ್ಲಿರುವ ರೋಗಿಗಳಲ್ಲಿ, ಅದರಲ್ಲಿಯೂ ಗರ್ಭಿಣಿಯರಲ್ಲಿ, ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಕುಸಿಯಬಹುದೆಂಬುದು 1980ರ ದಶಕದಲ್ಲಿ ಖಚಿತವಾಯಿತು. ಜ್ವರದ ಮಂಪರು ಯಾವುದು, ಸಕ್ಕರೆ ಕುಸಿದ ಮಂಪರು ಯಾವುದು ಎಂಬ ಸಂಶಯವು ಮೊದಲು ಹುಟ್ಟಬೇಕಾದುದು ರೋಗಿಯನ್ನು ಗಂಟೆಗೊಮ್ಮೆ ನೋಡುವವರ ಮನಸ್ಸಿನಲ್ಲಿ. ದಿನಕ್ಕೊಮ್ಮೆ ಬಂದುಹೋಗುವ ವೈದ್ಯರಿಗೆ ಅದು ಕಾಣದೆ ಹೋಗಬಹುದು.

ಈ ಅರಿವು ನಮ್ಮ ಪರಂಪರೆಗೆ ಹೊಸತಲ್ಲ. ಚರಕಸಂಹಿತೆಯು ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ಔಷಧಿ, ರೋಗಿ ಇವರೊಡನೆ ಪರಿಚಾರಕನನ್ನೂ ಸಮಾನವಾಗಿ ಎಣಿಸುತ್ತದೆ. ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ – ಇವು ಪರಿಚಾರಕನ ನಾಲ್ಕು ಗುಣಗಳು. ಇಲ್ಲಿ ಅನುರಾಗವೊಂದನ್ನೇ ಹೇಳದೆ ತಿಳಿವಳಿಕೆಯನ್ನೂ ದಕ್ಷತೆಯನ್ನೂ ಹೇಳಿರುವುದು ವಿಶೇಷ. ಹಳ್ಳಿಯ ಮನೆಗಳಲ್ಲಿ ಈ ಪಾದವನ್ನು ಹೊತ್ತವರು ಹೆಂಗಸರು. ರಾಗಿ ಗಂಜಿಯನ್ನು ಕಾಸಿ ಕುಡಿಸುವುದು, ಹಣೆಗೆ ಒದ್ದೆಬಟ್ಟೆ ಹಾಕುವುದು, ಕಂಬಳಿ ಹೊದಿಸಿ ಚಳಿ ಇಳಿಯುವವರೆಗೆ ಕಾಯುವುದು ಅವರ ಕೆಲಸವಾಗಿತ್ತು. ಅವರಲ್ಲಿ ಅನುರಾಗವಿತ್ತು, ಶ್ರಮವಿತ್ತು. ವಿಷಮಿಸಿದ ರೋಗವನ್ನು ಗುರುತಿಸುವ ತರಬೇತಿಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಎಷ್ಟೋ ವೇಳೆ ಆರೈಕೆ ಮಾಡುವವಳೇ ಅದೇ ಜ್ವರದಿಂದ ಮಲಗುವ ಸ್ಥಿತಿ ಇತ್ತು ಎಂಬುದನ್ನು ಮಲೇರಿಯದ ಸ್ವರೂಪವನ್ನು ಬಲ್ಲವರು ಊಹಿಸಬಹುದು.

5. ತರಬೇತಿಯ ಸಂಸ್ಥೆಗಳು

ತರಬೇತಿ ಪಡೆದ ಶುಶ್ರೂಷೆಯು ಮೈಸೂರು ಸಂಸ್ಥಾನದಲ್ಲಿ ನಗರಗಳ ಸುತ್ತಲೇ ಬೆಳೆಯಿತು. ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯೂ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ ಆರಂಭವಾದವು. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ತೆರೆಯಿತು. 1935ರ ವಾಣಿವಿಲಾಸ ಆಸ್ಪತ್ರೆಯು ಈ ಸಾಲಿನಲ್ಲಿಯೇ ಬರುತ್ತದೆ. ಧಾರ್ಮಿಕ ಸಂಸ್ಥೆಗಳ ಸಹೋದರಿಯರ ಸೇವೆಯ ನೆನಪು ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಸಿಸ್ಟರ್ ಎಂಬ ಸಂಬೋಧನೆಯಲ್ಲಿ ಉಳಿದಿದೆ. ಗೌರವದ ಈ ಮಾತು ಒಂದು ತೊಡಕನ್ನೂ ಉಂಟುಮಾಡಿತು: ಶುಶ್ರೂಷೆಯೆಂದರೆ ತ್ಯಾಗ, ಅದಕ್ಕೆ ಸಂಖ್ಯೆ, ಸಂಬಳ, ವಿಶ್ರಾಂತಿಗಳ ಲೆಕ್ಕ ಬೇಡ ಎಂಬ ಭಾವನೆಗೆ ಅದು ಎಡೆಮಾಡಿಕೊಟ್ಟಿತು.

ಕೊರತೆಯ ಪ್ರಮಾಣವನ್ನು ಮೊದಲ ಬಾರಿಗೆ ದೇಶದ ಮುಂದೆ ಅಂಕಿಗಳಲ್ಲಿ ಇಟ್ಟುದು 1946ರ ಭೋರ್ ಸಮಿತಿಯ ವರದಿ. ಬ್ರಿಟಿಷ್ ಭಾರತದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯರಿದ್ದರೆ, ಸುಮಾರು 43,000 ಜನರಿಗೆ ಒಬ್ಬ ಶುಶ್ರೂಷಕಿ ಇದ್ದರು. ವೈದ್ಯರಿಗಿಂತ ಶುಶ್ರೂಷಕಿಯರ ಸಂಖ್ಯೆ ಹೆಚ್ಚಾಗಿರಬೇಕಾದ ಕಡೆ ಅದು ಏಳನೆಯ ಒಂದು ಭಾಗದಷ್ಟಿತ್ತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯೂ, ನಮ್ಮ ರಾಜ್ಯದಲ್ಲಿ 1961ರಲ್ಲಿ ಶುಶ್ರೂಷಕಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರನ್ನು ಕುರಿತ ಅಧಿನಿಯಮವೂ ಬಂದವು. 1947ರ ಕಾಯಿದೆಯ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ಆಯೋಗವನ್ನು ರಚಿಸುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಹೀಗೆ ಯಾರನ್ನು ಶುಶ್ರೂಷಕರೆಂದು ಕರೆಯಬೇಕು ಎಂಬ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟಿದೆ. ಒಬ್ಬರಿಗೆ ಎಷ್ಟು ರೋಗಿಗಳು ಎಂಬುದು ಬೇರೆಯೇ ಪ್ರಶ್ನೆ.

6. ಎಣಿಕೆಯ ಪ್ರಶ್ನೆ

ಈ ಪ್ರಶ್ನೆಯ ಮಹತ್ವವನ್ನು ಇತ್ತೀಚಿನ ಸಂಶೋಧನೆಗಳು ಸ್ಪಷ್ಟಪಡಿಸಿವೆ. ಅಮೆರಿಕದ ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳನ್ನು ಕುರಿತು ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಗೊಳಗಾದವರು 30 ದಿನಗಳೊಳಗೆ ಸಾಯುವ ಸಂಭವವು ಶೇಕಡಾ 7ರಷ್ಟು ಹೆಚ್ಚುತ್ತದೆ. ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳನ್ನು ಕುರಿತ 2014ರ ಅಧ್ಯಯನವೂ ಇದೇ ಬಗೆಯ ಫಲಿತಾಂಶವನ್ನು ಕೊಟ್ಟಿತು. ಸಾವು ಬದುಕುಗಳ ನಿರ್ಣಯವು ಔಷಧಿಯಲ್ಲಿ ಮಾತ್ರವಲ್ಲದೆ ನೋಡಿಕೊಳ್ಳುವವರ ಸಂಖ್ಯೆಯಲ್ಲಿಯೂ ಇದೆ ಎಂಬುದು ಇದರ ತಾತ್ಪರ್ಯ.

ನಮ್ಮಲ್ಲಿ ಐದು ರೋಗಿಗಳಿಗೆ ಅಥವಾ ಆರು ಹಾಸಿಗೆಗಳಿಗೆ ಒಬ್ಬರು ಎಂಬಂತಹ ಮಾನದಂಡಗಳು ಸಾಮಾನ್ಯ ವಾರ್ಡುಗಳಿಗೆ ಇವೆ. ಇವನ್ನು ಓದುವಾಗ ಸರಳವಾದ ಲೆಕ್ಕವೊಂದನ್ನು ಮರೆಯಬಾರದು. 30 ಹಾಸಿಗೆಗಳ ವಾರ್ಡಿಗೆ 6 ಮಂದಿಯನ್ನು ನೇಮಿಸಿದರೆ, ಮೂರು ಪಾಳಿಗಳಿಗೆ ಹಂಚಿದಾಗ ಪಾಳಿಗೆ ಇಬ್ಬರಾಗುತ್ತಾರೆ. ವಾರದ ರಜೆ, ಹೆರಿಗೆಯ ರಜೆ, ಅನಾರೋಗ್ಯದ ರಜೆಗಳನ್ನು ಕಳೆದರೆ ರಾತ್ರಿಯ ಪಾಳಿಯಲ್ಲಿ 30 ಹಾಸಿಗೆಗಳಿಗೆ ಒಬ್ಬರು ಉಳಿಯುತ್ತಾರೆ. ಕಾಗದದ ಮೇಲೆ ಐದಕ್ಕೆ ಒಬ್ಬರಿದ್ದುದು ನಡುರಾತ್ರಿಯಲ್ಲಿ ಮೂವತ್ತಕ್ಕೆ ಒಬ್ಬರಾಗುತ್ತದೆ. ಆಗ ರೋಗಿಯನ್ನು ಹೊರಳಿಸುವವರೂ ನೀರು ಕುಡಿಸುವವರೂ ಮತ್ತೆ ಮನೆಯ ಹೆಂಗಸರೇ. ಮಾರಿಕಣಿವೆಯ ಹಳ್ಳಿಯ ಮನೆಯಲ್ಲಿ ನಡೆಯುತ್ತಿದ್ದ ಕೆಲಸವು ಸ್ಥಳವನ್ನು ಬದಲಿಸಿಕೊಂಡು ವಾರ್ಡಿನೊಳಗೆ ಮುಂದುವರಿಯುತ್ತದೆ.

ಮಾರಿಕಣಿವೆಯ ಸುತ್ತಿನಲ್ಲಿ ಇಂದು ತಾಲೂಕು ಆಸ್ಪತ್ರೆಗಳಿವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. 2023ರಲ್ಲಿ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಕಟ್ಟಡ ಮತ್ತು ಹಾಸಿಗೆಗಳು ಹೆಚ್ಚಿದಂತೆ ಸುಧಾರಣೆಯ ಅಳತೆಗೋಲೂ ಬದಲಾಗಬೇಕಾಗಿದೆ. ಮಂಜೂರಾದ ಹುದ್ದೆಗಳ ಸಂಖ್ಯೆಯ ಬದಲು ರಾತ್ರಿಯ ಪಾಳಿಯಲ್ಲಿ ಹಾಜರಿರುವವರ ಸಂಖ್ಯೆಯನ್ನು ದಾಖಲಿಸುವುದು, ವಿಷಮ ಸ್ಥಿತಿಯ ರೋಗಿಗಳನ್ನು ಶುಶ್ರೂಷಕರ ಕಣ್ಣಳತೆಯಲ್ಲಿ ಒಂದೆಡೆ ಇರಿಸುವುದು, ಪಾಳಿ ಬದಲಾಗುವಾಗ ಪ್ರತಿ ರೋಗಿಯ ಸ್ಥಿತಿಯನ್ನು ಹಾಸಿಗೆಯ ಪಕ್ಕದಲ್ಲಿಯೇ ನಿಂತು ಒಪ್ಪಿಸುವುದು, ಮನೆಗೆ ಕಳಿಸುವ ಮುನ್ನ ಮನೆಯವರಿಗೆ ಆರೈಕೆಯ ಕ್ರಮವನ್ನು ಕಲಿಸುವುದು – ಇವು ದೊಡ್ಡ ಯಂತ್ರಗಳನ್ನು ಬೇಡುವ ಕಾರ್ಯಗಳಲ್ಲ.

7. ಉಪಸಂಹಾರ

ಮಾರಿಕಣಿವೆಯ ಚರಿತ್ರೆಯನ್ನು ಈವರೆಗೆ ಮುಖ್ಯವಾಗಿ ಕಲ್ಲು ಮತ್ತು ನೀರಿನ ಚರಿತ್ರೆಯಾಗಿ ಬರೆಯಲಾಗಿದೆ. ಜ್ವರದ ಅಧ್ಯಯನವು ಅದಕ್ಕೆ ಇನ್ನೊಂದು ಅಧ್ಯಾಯವನ್ನು ಸೇರಿಸಿತು. ಮೂರನೆಯ ಅಧ್ಯಾಯವೊಂದು, ರೋಗಿಯ ಬಳಿ ಕುಳಿತವರ ಚರಿತ್ರೆ, ಇನ್ನೂ ಬರೆಯಬೇಕಾಗಿದೆ. ಆಸ್ಪತ್ರೆಗಳ ಹಾಜರಿ ಪುಸ್ತಕಗಳು, ಪಾಳಿಯ ಪಟ್ಟಿಗಳು, ವಾರ್ಡಿನ ವರದಿ ಪುಸ್ತಕಗಳು, ನಿವೃತ್ತ ಶುಶ್ರೂಷಕಿಯರ ಮತ್ತು ಹಳ್ಳಿಯ ಹಿರಿಯ ಹೆಂಗಸರ ಮಾತುಗಳು ಇದಕ್ಕೆ ಆಕರಗಳಾಗಬಲ್ಲವು. ಇಂತಹ ಪುಸ್ತಕಗಳನ್ನು ರದ್ದಿಯಾಗಿ ಮಾರುವ ಮೊದಲು ಜಿಲ್ಲೆಯ ಗ್ರಂಥಾಲಯಗಳೂ ಪತ್ರಾಗಾರಗಳೂ ಅವನ್ನು ಸಂಗ್ರಹಿಸುವುದು ಅಗತ್ಯ. ಜಲಾಶಯದ ನೀರಿನ ಮಟ್ಟವನ್ನು ನಾವು ಅಡಿಯ ಲೆಕ್ಕದಲ್ಲಿ ಶತಮಾನಕ್ಕೂ ಮಿಕ್ಕಿ ಬರೆದಿಟ್ಟಿದ್ದೇವೆ. ಅದೇ ನೀರಿನ ಆಸರೆಯಲ್ಲಿ ಬದುಕಿ ಕಾಯಿಲೆ ಬಿದ್ದವರನ್ನು ಕಾದವರ ಲೆಕ್ಕವನ್ನೂ ಇಡತೊಡಗಿದಾಗ ಎರಡು ವಾಣಿವಿಲಾಸಗಳ ನಡುವಿನ ಅಂತರವು ಸ್ವಲ್ಪವಾದರೂ ಕಡಿಮೆಯಾದೀತು.