ಬೀಡಿ ಕಟ್ಟುವುದು ಕೆಲಸವೋ, ಮನೆಕೆಲಸವೋ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಜಗಲಿಯಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರನ್ನು ಕಾಣದವರಿಲ್ಲ. ಇವರು ಸರ್ಕಾರದ ಲೆಕ್ಕದಲ್ಲಿ ಕೆಲಸಗಾರರೇ? ಅಡಿಕೆ ತೂಗಿದ ಹಾಗೆ ಕೆಲಸವನ್ನು ತೂಗಲಾಗದು. ಯಾವುದನ್ನು ಕೆಲಸ ಅನ್ನಬೇಕು ಎಂದು ಮೊದಲು ತೀರ್ಮಾನ ಆಗಬೇಕು.

1961ರ ಜನಗಣತಿಯಲ್ಲಿ ಕೃಷಿ, ಗೃಹ ಕೈಗಾರಿಕೆಯಂಥ ಕೆಲಸಕ್ಕೆ ಅಳತೆ ಸಡಿಲವಿತ್ತು. ಹಂಗಾಮಿನ ಹೆಚ್ಚಿನ ಭಾಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ದುಡಿದರೆ ಸಾಕು, ಕೆಲಸಗಾರರ ಪಟ್ಟಿಗೆ ಸೇರುತ್ತಿದ್ದರು. 1971ರಲ್ಲಿ ಪ್ರಶ್ನೆ ಬದಲಾಯಿತು: ನಿಮ್ಮ ಮುಖ್ಯ ಚಟುವಟಿಕೆ ಏನು? ಅಡುಗೆ, ಮಕ್ಕಳು, ದನ ಎಲ್ಲ ಮುಗಿಸಿ ಬೀಡಿ ಕಟ್ಟುವವಳು (ಅಥವಾ ಅವಳ ಪರವಾಗಿ ಮನೆಯ ಯಜಮಾನ) ‘ಮನೆಕೆಲಸ’ ಅಂದರೆ ಅಲ್ಲಿಗೆ ಮುಗಿಯಿತು. ದೇಶದಲ್ಲಿ ಸುಮಾರು 5.9 ಕೋಟಿ ಇದ್ದ ಮಹಿಳಾ ಕೆಲಸಗಾರರು 3.1 ಕೋಟಿಗೆ ಇಳಿದರು. ಅಷ್ಟೂ ಹೆಂಗಸರು ಹತ್ತು ವರ್ಷದಲ್ಲಿ ಸುಮ್ಮನೆ ಕೂತರೇ? ಆ ಇಳಿಕೆಯ ದೊಡ್ಡ ಪಾಲು ಪ್ರಶ್ನೆಯದ್ದೇ.

ವಿಚಿತ್ರವೆಂದರೆ, 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲೇ ಬೀಡಿ ಕಟ್ಟುವವರನ್ನೂ ನೌಕರರೆಂದು ಆಗಲೇ ಒಪ್ಪಿತ್ತು.

1981ರಲ್ಲಿ ಮುಖ್ಯ, ಅಲ್ಪಾವಧಿ ಎಂಬ ಎರಡು ಪಟ್ಟಿ ಬಂತು. ಗಡಿ 183 ದಿನ. 1991ರಲ್ಲಿ, ಮನೆಯ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವುದೂ ಕೆಲಸವೇ ಎಂದು ಪ್ರಶ್ನೆಯಲ್ಲೇ ಸೇರಿಸಬೇಕಾಯಿತು.

ಮುಂದೆ ಗಣತಿಯವರು ಬಂದಾಗ ಬೀಡಿ ಕಟ್ಟುತ್ತೇನೆ ಎಂದೇ ಹೇಳಿ. ವರ್ಷಕ್ಕೆ ಎಷ್ಟು ತಿಂಗಳು ಎಂಬುದನ್ನೂ.